ಓದುಗರ ಪ್ರಶ್ನೆ, ತಜ್ಞರ ಉತ್ತರ: ಹೊಗಳಿಕೆ ಇರಲಿ, ಗುಡಿಯ ಕೀಲಿ ಯಾರ ಹತ್ತಿರ?

ಧರ್ಮ ಮತ್ತು ಹೆಣ್ಣಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಕೊಟ್ಟಿದ್ದೇವೆ. ಉತ್ತರಿಸಿದವರು ರಾಯಚೂರಿನ ನಿವೃತ್ತ ಇತಿಹಾಸ ಅಧ್ಯಾಪಕಿ. ಕೇಳಿದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಮೇಡಂ, ನಾನು ಸಿಂಧನೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗೆ ‘ಧರ್ಮದಲ್ಲಿ ಹೆಣ್ಣಿನ ಸ್ಥಾನ’ ಅಂತ ವಿಷಯ ಕೊಟ್ಟಿದ್ದರು. ನಾನು ‘ಯತ್ರ ನಾರ್ಯಸ್ತು ಪೂಜ್ಯಂತೇ’ ಅಂದೆ. ನನ್ನ ಗೆಳತಿ ‘ತಾಯಿಯ ಪಾದದಡಿ ಸ್ವರ್ಗ’ ಅಂದಳು. ಅಲ್ಲಿಂದ ನಿಮ್ಮಲ್ಲಿ ಸತಿ, ನಿಮ್ಮಲ್ಲಿ ತಲಾಖ್ ಅಂತ ಹತ್ತಿಕೊಂಡು ಈಗ ಇಬ್ಬರೂ ಮಾತು ಬಿಟ್ಟಿದ್ದೇವೆ. ಮುಂದಿನ ಸ್ಪರ್ಧೆಗೆ ಇಬ್ಬರೂ ಒಂದೇ ತಂಡದಲ್ಲಿ ಹೋಗಬೇಕು. ನಿಜ ಹೇಳ್ರಿ, ಯಾವ ಧರ್ಮದಲ್ಲಿ ಹೆಣ್ಣಿಗೆ ಹೆಚ್ಚು ಸ್ಥಾನ ಇದೆ?

ಉತ್ತರ: ನೋಡಮ್ಮ, ನೀವಿಬ್ಬರೂ ಹೇಳಿದ್ದು ಸುಳ್ಳಲ್ಲ, ಆದರೆ ಇಬ್ಬರೂ ಅರ್ಧ ಪುಟ ಓದಿ ಪುಸ್ತಕ ಮುಚ್ಚಿದ್ದೀರಿ. ನಿನ್ನ ಶ್ಲೋಕ ಮನುಸ್ಮೃತಿಯ 3ನೇ ಅಧ್ಯಾಯದ 56ನೆಯದು. ಅದರ ಹಿಂದೆ ಮುಂದೆ ಓದು: ಮನೆಗೆ ಒಳ್ಳೆಯದಾಗಬೇಕೆನ್ನುವ ಅಪ್ಪ, ಅಣ್ಣ, ಗಂಡ, ಮೈದುನರು ಹಬ್ಬಹುಣ್ಣಿಮೆಗೆ ಹೆಂಗಸರಿಗೆ ಸೀರೆ, ಒಡವೆ, ಊಟ ಕೊಟ್ಟು ಖುಷಿಯಾಗಿಡಬೇಕು ಅಂತಿದೆ. ಪೂಜೆ ಎಂದರೆ ಅಲ್ಲಿ ಇಷ್ಟೇ. ಅದೇ ಪುಸ್ತಕದ 9ನೇ ಅಧ್ಯಾಯದ 3ನೇ ಶ್ಲೋಕ ಹೆಣ್ಣು ಸ್ವಾತಂತ್ರ್ಯಕ್ಕೆ ಅರ್ಹಳಲ್ಲ ಎನ್ನುತ್ತದೆ. ನಿನ್ನ ಗೆಳತಿಯ ಮಾತು ಹದೀಸಿನದು, ಅಂದರೆ ಪ್ರವಾದಿ ಮುಹಮ್ಮದರ ನುಡಿ-ನಡೆಗಳ ವರದಿಯದು. ಯುದ್ಧಕ್ಕೆ ಹೋಗಲು ಅಪ್ಪಣೆ ಕೇಳಲು ಬಂದವನಿಗೆ ಪ್ರವಾದಿಯವರು ‘ತಾಯಿ ಇದ್ದಾಳೇನು? ಹಾಗಾದರೆ ಆಕೆಯ ಸೇವೆ ಮಾಡು’ ಎಂದ ಸಂದರ್ಭ. ಮಗನಿಗೆ ಹೇಳಿದ ದೊಡ್ಡ ಮಾತು, ಸರಿ. ಮಕ್ಕಳಿಲ್ಲದವಳ ಬಗ್ಗೆ, ಹೆಂಡತಿಯ ಬಗ್ಗೆ ಅದರಿಂದ ಏನೂ ತಿಳಿಯದು. ಕುರ್‌ಆನಿನ 33ನೇ ಅಧ್ಯಾಯದ 35ನೇ ವಚನ ನಂಬಿದ ಗಂಡಸರು, ನಂಬಿದ ಹೆಂಗಸರು ಎಂದು ಜೋಡಿಜೋಡಿಯಾಗಿ ಹೆಸರಿಸಿ ಇಬ್ಬರಿಗೂ ಒಂದೇ ಪ್ರತಿಫಲ ಹೇಳುತ್ತದೆ. 4ನೇ ಅಧ್ಯಾಯದ 34ನೇ ವಚನ ಗಂಡಸನ್ನು ಹೆಣ್ಣಿನ ಮೇಲ್ವಿಚಾರಕನ ಸ್ಥಾನದಲ್ಲಿಡುತ್ತದೆ. ಬೈಬಲ್ಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರ ಗಂಡು ಹೆಣ್ಣೆಂಬ ಭೇದವಿಲ್ಲ ಎಂದರೆ, ಕೊರಿಂಥದವರಿಗೆ ಬರೆದ ಮೊದಲ ಪತ್ರ ಸಭೆಯಲ್ಲಿ ಹೆಂಗಸರು ಸುಮ್ಮನಿರಲಿ ಎನ್ನುತ್ತದೆ. ಶ್ಲೋಕಕ್ಕೆ ಶ್ಲೋಕ ಎಸೆಯುವ ಆಟದಲ್ಲಿ ಯಾರ ಚೀಲವೂ ಬರಿದಾಗುವುದಿಲ್ಲ.

ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಬೇರೆ ಪ್ರಶ್ನೆ ಕೇಳಲು ಹೇಳುತ್ತಿದ್ದೆ. ಹೆಣ್ಣನ್ನು ಎಷ್ಟು ಹೊಗಳಿದ್ದಾರೆ ಅನ್ನುವುದು ಬಿಡಿ. ಆಕೆಗೆ ಮುಕ್ತಿ ಇದೆಯೇ, ಬೋಧಿಸಬಹುದೇ, ದೇವರನ್ನು ಮುಟ್ಟಬಹುದೇ, ಹುಂಡಿ ಎಣಿಸುವಾಗ ಆಕೆ ಕೂರುತ್ತಾಳೆಯೇ? ಹೀಗೆ ಕೇಳಿದ ಕೂಡಲೇ ಜಗಳ ಎರಡು ಧರ್ಮಗಳ ನಡುವಿನಿಂದ ಜಾರಿ ಪ್ರತಿ ಧರ್ಮದ ಒಳಗೆ ಹೋಗುತ್ತದೆ. ನಿಜವಾದ ವಾದ ಯಾವತ್ತೂ ಅಲ್ಲೇ ನಡೆದಿರುವುದು.

ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ, ಸ್ಪರ್ಧೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕೊಪ್ಪಳ ಒಂದು ಕಾಲಕ್ಕೆ ಕೊಪಣ ಎಂಬ ದೊಡ್ಡ ಜೈನ ತೀರ್ಥ. ಆ ಕಾಲದ ಜೈನರಲ್ಲಿ ಒಂದು ಪ್ರಶ್ನೆ ಬಿಸಿಯಾಗಿತ್ತು: ಹೆಣ್ಣು ಹೆಣ್ಣಾಗಿದ್ದುಕೊಂಡೇ ಮೋಕ್ಷ ಪಡೆಯಬಹುದೇ? ದಿಗಂಬರರು ಇಲ್ಲ ಅಂದರು. ಬಟ್ಟೆ ಬಿಡದೆ ಪೂರ್ಣ ತ್ಯಾಗ ಇಲ್ಲ, ಹೆಣ್ಣು ಬಟ್ಟೆ ಬಿಡುವಂತಿಲ್ಲ, ಆದ್ದರಿಂದ ಗಂಡಾಗಿ ಹುಟ್ಟಿ ಬರಲಿ. ಶ್ವೇತಾಂಬರರು ಹೌದು ಅಂದರು. ಅವರ ಪ್ರಕಾರ 19ನೇ ತೀರ್ಥಂಕರ ಮಲ್ಲಿಯೇ ಹೆಣ್ಣು. ಇಬ್ಬರ ನಡುವೆ ನಿಂತವರು ಉತ್ತರ ಕರ್ನಾಟಕದಲ್ಲಿ ಬಲವಾಗಿದ್ದ ಯಾಪನೀಯರು. ಅವರ ಮುನಿಗಳು ದಿಗಂಬರರಂತೆ ಬತ್ತಲೆ, ಆದರೆ ಹೆಣ್ಣಿಗೆ ಮುಕ್ತಿ ಉಂಟು ಎಂಬುದರಲ್ಲಿ ಶ್ವೇತಾಂಬರರ ಪಕ್ಷ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಯಾಪನೀಯ ಆಚಾರ್ಯ ಶಾಕಟಾಯನ ಇದಕ್ಕೆಂದೇ ಒಂದು ವಾದಗ್ರಂಥ ಬರೆದ.

ಅದರ ಒಂದು ಪಟ್ಟು ನನಗೆ ಬಹಳ ಇಷ್ಟ. ಎದುರಾಳಿಗಳ ವಾದ ಹೀಗಿತ್ತು: ಏಳನೇ ನರಕಕ್ಕೆ ಬೀಳುವಷ್ಟು ಘೋರ ಪಾಪ ಮಾಡುವ ಶಕ್ತಿ ಹೆಣ್ಣಿಗಿಲ್ಲ, ಹಾಗಿದ್ದ ಮೇಲೆ ಮೋಕ್ಷಕ್ಕೆ ಏರುವ ಶಕ್ತಿಯೂ ಇಲ್ಲ. ಶಾಕಟಾಯನ ಕೇಳಿದ: ಬೀಳುವ ಆಳಕ್ಕೂ ಏರುವ ಎತ್ತರಕ್ಕೂ ನಂಟು ಇದೆ ಎಂದು ಹೇಳಿದವರು ಯಾರು? ಮೋಕ್ಷಕ್ಕೆ ಬೇಕಾದದ್ದು ಸರಿಯಾದ ನಂಬಿಕೆ, ಅರಿವು, ನಡತೆ, ಅಂದರೆ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್‌ಚಾರಿತ್ರ. ಇವು ಹೆಣ್ಣಿನಲ್ಲಿ ಇರಲಾರವು ಎನ್ನಲು ನಿಮ್ಮ ಹತ್ತಿರ ಪ್ರಮಾಣ ಏನಿದೆ? ಸಾವಿರದ ಚಿಲ್ಲರೆ ವರ್ಷದ ಹಿಂದೆ, ಗಂಡಸರೇ ಸೇರಿ ಮಾಡಿದ ವಾದ ಇದು. ಹೆಂಗಸರನ್ನು ಕೇಳಿದ್ದರೋ ಇಲ್ಲವೋ, ಅದು ಬೇರೆ ಮಾತು. ಆದರೆ ‘ಇದೆಲ್ಲ ಈಗಿನವರು ತೆಗೆದ ತಂಟೆ’ ಎನ್ನುವವರ ಬಾಯಿಗೆ ಬೀಗ ಹಾಕಲು ಸಾಕು.

ಇನ್ನೊಂದು ನಿಮ್ಮ ಜಿಲ್ಲೆಯದೇ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಆಸೆ ಅರಸರಿಗಿರಲಿ ನಮಗೇಕೆ, ಅಲ್ಲೇ ಸುರಿದು ಬಾ ಅಂದಳು. ಗಂಡನಿಗೆ ಬೋಧನೆ ಮಾಡಿದ್ದು ಹೆಂಡತಿ, ಆ ಮಾತು ವಚನವಾಗಿ ಉಳಿಯಿತು. 12ನೇ ಶತಮಾನದಲ್ಲಿ ವಚನ ಬರೆದ ಹೆಂಗಸರು ಮೂವತ್ತಕ್ಕೂ ಹೆಚ್ಚು. ಆಮೇಲೆ ಏನಾಯಿತು? ಮಠಗಳು ಕಟ್ಟಿದವು, ಪೀಠಗಳ ಮೇಲೆ ಗಂಡಸರು ಕೂತರು. ಮಾತೆ ಮಹಾದೇವಿಯವರು ಜಗದ್ಗುರು ಪೀಠ ಏರಿದ್ದು 1970ರಲ್ಲಿ. ಲಕ್ಕಮ್ಮನಿಂದ ಅಲ್ಲಿಯವರೆಗಿನ ಎಂಟು ನೂರು ವರ್ಷವನ್ನು ಹೇಗೆ ವಿವರಿಸುತ್ತೀಯ? ನಿನ್ನ ಭಾಷಣ ಅಲ್ಲಿಂದ ಶುರುವಾಗಲಿ.

ಹೆಂಗಸರೆಲ್ಲ ಒಂದು ಪಕ್ಷ, ಗಂಡಸರೆಲ್ಲ ಇನ್ನೊಂದು ಪಕ್ಷ ಅಂತಲೂ ತಿಳಿಯಬೇಡ. ಶಬರಿಮಲೆ ಮೊಕದ್ದಮೆಯಲ್ಲಿ 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಎಲ್ಲ ವಯಸ್ಸಿನ ಹೆಂಗಸರಿಗೂ ಪ್ರವೇಶ ಇರಲಿ ಅಂದರು. ಒಪ್ಪದೆ ಬೇರೆ ತೀರ್ಪು ಬರೆದವರು ಪೀಠದಲ್ಲಿದ್ದ ಒಬ್ಬರೇ ಮಹಿಳೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಭಕ್ತರ ನಂಬಿಕೆ ಸರಿಯೋ ತಪ್ಪೋ ಎಂದು ಕೋರ್ಟು ಅಳೆಯಬಾರದು ಎಂಬುದು ಅವರ ವಾದ. ನನಗೆ ಅದು ಒಪ್ಪಿಗೆಯಿಲ್ಲ, ಆದರೂ ಓದದೆ ವೇದಿಕೆ ಹತ್ತಬೇಡ. ಗೆಳತಿಗೆ ಇವತ್ತೇ ಫೋನ್ ಹಚ್ಚು. ನೀನು ಆಕೆಯ ಧರ್ಮದ ಒಳಗಿನ ವಾದ ಹೇಳು, ಆಕೆ ನಿನ್ನದರ ಒಳಗಿನದು ಹೇಳಲಿ. ತಂಡಕ್ಕೂ ಒಳ್ಳೆಯದು.

ಪ್ರಶ್ನೆ: ನಮ್ಮದು ಕುಷ್ಟಗಿ ಕಡೆ ಹಳ್ಳಿರಿ. ನಾವು ಲಿಂಗಾಯತರು. ಮುಟ್ಟಾದಾಗ ನಮ್ಮ ಅತ್ತಿ ದೇವರ ಜಗಲಿ ಹತ್ರ ಬರಬ್ಯಾಡ, ಲಿಂಗ ಬಿಚ್ಚಿ ಗೂಟಕ್ಕ ಹಾಕು ಅಂತಾರ. ತವರಮನ್ಯಾಗ ಹಿಂಗ ಇರ್ಲಿಲ್ಲ. ಯಾವುದು ಖರೇರಿ?

ಉತ್ತರ: ತಂಗಿ, ನಿಮ್ಮ ತವರುಮನೆಯ ರೂಢಿಯೇ ಶರಣರ ಮಾತಿಗೆ ಹತ್ತಿರ. ಜನನ, ಮರಣ, ಜಾತಿ, ಎಂಜಲು, ರಜಸ್ಸು ಈ ಐದು ಸೂತಕಗಳನ್ನೂ ಶರಣರು ಒಪ್ಪಲಿಲ್ಲ. ಇಷ್ಟಲಿಂಗ ಹೆಣ್ಣುಮಗುವಿಗೂ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದು ಮೈಮೇಲಿಂದ ಅಗಲಬಾರದು ಎಂಬುದೇ ಮೊದಲ ನಿಯಮ. ತಿಂಗಳಿಗೆ ಮೂರು ದಿನ ಗೂಟಕ್ಕೆ ಹಾಕುವುದಾದರೆ ಆ ನಿಯಮಕ್ಕೆ ಬೆಲೆ ಎಲ್ಲಿ ಉಳಿಯಿತು?

ಆದರೆ ಇದನ್ನು ಅತ್ತೆಯ ಮುಂದೆ ಪುಸ್ತಕ ಹಿಡಿದು ಓದಬೇಡಿ. ಆಚೀಚೆ ಮನೆಗಳನ್ನು ನೋಡಿ ಬಂದ ರೂಢಿ ಅದು, ಅವರ ಅತ್ತೆಯೂ ಅವರಿಗೆ ಅದನ್ನೇ ಹೇಳಿರುತ್ತಾರೆ. ಇನ್ನೊಂದು ಸಂಗತಿ: ‘ಹೊರಗಾದ’ ಮೂರು ದಿನ ಒಲೆ, ನೀರು, ಹೊಲದಿಂದ ಬಿಡುವು ಸಿಗುತ್ತಿತ್ತು ಎಂದು ನೆನೆಯುವ ಹಿರಿಯ ಹೆಂಗಸರನ್ನು ನಾನು ಬಹಳ ಕಂಡಿದ್ದೇನೆ. ಬಿಡುವು ಬೇಕು, ಮೈಲಿಗೆ ಬೇಡ. ಇವೆರಡನ್ನು ಬಿಡಿಸಿ ಮಾತಾಡಿದರೆ ಮುಕ್ಕಾಲು ಪಾಲು ಅತ್ತೆಯಂದಿರು ಕೇಳಿಸಿಕೊಳ್ಳುತ್ತಾರೆ. ಮೊದಲು ಕೊರಳ ಲಿಂಗದ ಮಾತೊಂದನ್ನೇ ಎತ್ತಿ. ಜಗಲಿಯ ಮಾತು ಆಮೇಲಾಗಲಿ. ಊರಿಗೆ ಬರುವ ಸ್ವಾಮಿಗಳ ಮೇಲೆ ಅತ್ತೆಗೆ ಭಕ್ತಿ ಇದ್ದರೆ ಅವರ ಬಾಯಲ್ಲೇ ಹೇಳಿಸಿ.

ಪ್ರಶ್ನೆ: ನಾನು ರಾಯಚೂರಿನ ಗೃಹಿಣಿ. ರಂಜಾನ್ ತಿಂಗಳಲ್ಲಿ ಮಸೀದಿಯಲ್ಲಿ ನಮಾಜ್ ಮಾಡಬೇಕೆಂದು ಆಸೆ. ಮನೆಯಲ್ಲಿ ‘ಹೆಂಗಸರಿಗೆ ಅದು ಜಾಯಿಜ್ (ಧರ್ಮಸಮ್ಮತ) ಅಲ್ಲ’ ಎನ್ನುತ್ತಾರೆ. ಹೌದೇ?

ಉತ್ತರ: ಅಕ್ಕಾ, ಜಾಯಿಜ್ ಅಲ್ಲ ಎನ್ನುವುದು ಸರಿಯಲ್ಲ. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿ ಎಂಬ ಹದೀಸ್ ಬುಖಾರಿ ಸಂಗ್ರಹದಲ್ಲಿದೆ. ಅದರ ಜೊತೆಗೇ ಒಂದು ಪ್ರಸಂಗವಿದೆ. ಖಲೀಫಾ ಉಮರ್ ಅವರ ಹೆಂಡತಿಯೊಬ್ಬರು ಬೆಳಗಿನ ಮತ್ತು ರಾತ್ರಿಯ ನಮಾಜಿಗೆ ಮಸೀದಿಗೆ ಹೋಗುತ್ತಿದ್ದರು. ‘ಅವರಿಗೆ ಇಷ್ಟವಿಲ್ಲ ಎಂದು ಗೊತ್ತಿದ್ದೂ ಹೋಗುತ್ತೀರಲ್ಲ’ ಎಂದು ಯಾರೋ ಕೇಳಿದರೆ, ‘ಹಾಗಾದರೆ ಅವರೇ ಯಾಕೆ ತಡೆಯುತ್ತಿಲ್ಲ?’ ಎಂದರಂತೆ. ತಡೆಯದಂತೆ ಕೈ ಕಟ್ಟಿದ್ದು ಈ ಹದೀಸೇ. ಹೆಣ್ಣಿಗೆ ಮನೆಯ ನಮಾಜ್ ಮೇಲು ಎನ್ನುವ ಹದೀಸೂ ಇದೆ, ಮನೆಯವರು ಅದನ್ನು ಹಿಡಿದು ಮಾತಾಡುತ್ತಿರಬೇಕು. ಮೇಲು ಎನ್ನುವುದಕ್ಕೂ ಕೂಡದು ಎನ್ನುವುದಕ್ಕೂ ಅಂತರ ಬಹಳ. ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ನಮಾಜಿಗಾಗಿ ಹೆಂಗಸರು ಮಸೀದಿ ಪ್ರವೇಶಿಸಲು ಅವಕಾಶವಿದೆ, ಆದರೆ ಶುಕ್ರವಾರದ ಜುಮಾ ನಮಾಜ್ ಅವರಿಗೆ ಕಡ್ಡಾಯವಲ್ಲ ಎಂದು ಹೇಳಿದೆ.

ಅಡ್ಡ ಬರುವುದು ಹೆಚ್ಚಾಗಿ ಜಾಗದ ಮಾತು: ಬೇರೆ ಬಾಗಿಲು, ವಜೂ ಮಾಡಲು (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು) ಮರೆ, ಒಂದು ಪರದೆ. ಮಸೀದಿಯ ಕಮಿಟಿಯವರ ಮುಂದೆ ಇದನ್ನೇ ಇಡಿ, ನಾಲ್ಕು ಮನೆಯ ಹೆಂಗಸರು ಸೇರಿ. ಹಳೆಯ ಪದ್ಧತಿ ಎಂದು ಯಾರಾದರೂ ಹೇಳಿದರೆ ಎಷ್ಟು ಹಳೆಯದು ಎಂದು ಕೇಳುವುದನ್ನು ಮರೆಯಬೇಡಿ. ಮುಂಬೈನ ಹಾಜಿ ಅಲಿ ದರ್ಗಾದಲ್ಲಿ ಹೆಂಗಸರು ಮೊದಲು ಒಳಗಿನ ಮಜಾರಿನವರೆಗೂ (ಸಮಾಧಿಯವರೆಗೂ) ಹೋಗುತ್ತಿದ್ದರು. ತಡೆ ಬಂದು ಕೆಲವೇ ವರ್ಷವಾಗಿತ್ತು, 2016ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ತೆಗೆದುಹಾಕಿತು. ನಮ್ಮ ಮುದಗಲ್ಲಿನ ಮೊಹರಂ ನೋಡಿ: ಹಿಂದೂ ಮನೆ, ಮುಸ್ಲಿಂ ಮನೆ ಎನ್ನದೆ ಚೊಂಗೆ ಎಂಬ ಸಿಹಿ ಮಾಡಿ ತರುವವರು, ಹರಕೆ ಹೊರುವವರು, ಮಗುವನ್ನು ಎತ್ತಿಕೊಂಡು ನೂಕುನುಗ್ಗಲಲ್ಲಿ ನಿಲ್ಲುವವರು ಹೆಂಗಸರು. ಅಲಾಯಿ ದೇವರು (ಮೊಹರಂ ಪಂಜಾ) ಹಿಡಿಯುವ ಕೈ ಮಾತ್ರ ಗಂಡಸರದು.

ಪ್ರಶ್ನೆ: ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ನಮ್ಮ ಕ್ಯಾಥೋಲಿಕ್ ಚರ್ಚಿನಲ್ಲಿ ಹೆಣ್ಣು ಪಾದ್ರಿ ಯಾಕಿಲ್ಲ? ಬೇರೆ ಸಭೆಗಳಲ್ಲಿ ಇದ್ದಾರಂತೆ.

ಉತ್ತರ: ಇದ್ದಾರೆ. ಪ್ರಾಟೆಸ್ಟೆಂಟರ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) 1976ರಿಂದಲೇ ಹೆಂಗಸರಿಗೆ ದೀಕ್ಷೆ ಕೊಡುತ್ತಿದೆ. 2013ರಲ್ಲಿ ನಿಮ್ಮ ಪಕ್ಕದ ನಂದ್ಯಾಲದಲ್ಲೇ ಪುಷ್ಪಲಲಿತಾ ಅವರು ಆ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಕ್ಯಾಥೋಲಿಕ್ ಸಭೆಯಲ್ಲಿ ಯೇಸು ಆರಿಸಿದ ಹನ್ನೆರಡು ಪ್ರೇಷಿತರೂ ಗಂಡಸರು ಎಂಬುದು ಆಧಾರ. ಹೆಂಗಸರಿಗೆ ಯಾಜಕದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದು ಪೋಪ್ ಎರಡನೇ ಜಾನ್ ಪಾಲ್ 1994ರಲ್ಲಿ ಬರೆದುಬಿಟ್ಟರು. ಶಾಲೆ, ಆಸ್ಪತ್ರೆ ನಡೆಸುವ ಸಿಸ್ಟರುಗಳ ಮೇಲೆ ಇಷ್ಟು ಭಾರ ಹೊರಿಸಿದ ಸಭೆ ಬಲಿಪೀಠದ ಹತ್ತಿರ ಮಾತ್ರ ಕೈ ಅಡ್ಡ ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಶ್ನೆ: ನಮ್ಮೂರು ಮುನಿರಾಬಾದ್ ಹತ್ತಿರ. ಹುಲಿಗೆಮ್ಮ ಹೆಣ್ಣುದೇವರು, ಹುಣ್ಣಿಮೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಹೆಣ್ಣುದೇವರಿರುವ ನಾಡಿನಲ್ಲಿ ಹೆಣ್ಣಿಗೆ ಸ್ಥಾನ ಇಲ್ಲ ಎನ್ನುವುದು ತಪ್ಪಲ್ಲವೇ? ನಮ್ಮ ಊರ ಗುಡಿಯ ಸಮಿತಿಗೆ ಹೆಂಗಸರು ಸೇರಬಹುದೇ?

ಉತ್ತರ: ಮೊದಲ ಪ್ರಶ್ನೆಗೆ ಕಹಿ ಉತ್ತರ ಕೊಡಬೇಕಾಗಿದೆ. ನಮ್ಮ ಈ ಭಾಗದಲ್ಲಿ ಎಲ್ಲಮ್ಮ, ಹುಲಿಗೆಮ್ಮರ ಹೆಸರಿನಲ್ಲೇ ಬಡವರ ಮನೆಯ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ಮನೆಯಲ್ಲಿ ಗಂಡುಮಗು ಇಲ್ಲ, ತಲೆಯಲ್ಲಿ ಜಡೆ ಕಟ್ಟಿತು, ಮಳೆ ಹೋಯಿತು, ಏನಾದರೊಂದು ನೆಪ. ದೇವಿಗೆ ಬಿಟ್ಟವಳು ಎಂದರು, ಅನುಭವಿಸಿದವರು ಊರ ಗಂಡಸರು. ದೇವಿಯ ಮಹಿಮೆ ಹಾಡುವ ಚೌಡಿಕೆ ವಾದ್ಯ ಹಿಡಿದ ಕೈಗೆ ಹೊಲ ಇರಲಿಲ್ಲ, ಮಕ್ಕಳ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ. ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಇದನ್ನು ಅಪರಾಧ ಮಾಡಿತು. ಆಕೆಯ ಒಪ್ಪಿಗೆ ಇದ್ದರೂ ಆ ಸಮರ್ಪಣೆಗೆ ಬೆಲೆಯಿಲ್ಲ, ಆಕೆ ಮುಂದೆ ಮದುವೆಯಾದರೆ ಆ ಮದುವೆ ಊರ್ಜಿತ. ಹೆತ್ತವರು, ಸಂಬಂಧಿಕರೇ ಕಟ್ಟಿಸಿದರೆ ಶಿಕ್ಷೆ ಇನ್ನೂ ಹೆಚ್ಚು ಎಂದಿತು ಆ ಕಾಯ್ದೆ. ಹೆಣ್ಣುದೇವರ ಪೂಜೆಯಿಂದ ಹೆಣ್ಣಿನ ಸ್ಥಾನ ತಾನಾಗಿ ಏರುವುದಾಗಿದ್ದರೆ ನಮ್ಮ ಜಿಲ್ಲೆಗಳಿಗೆ ಈ ಕಾಯ್ದೆಯೇ ಬೇಕಿರಲಿಲ್ಲ. ಅದೇ ಜೋಗತಿ ಪರಂಪರೆಯಿಂದ ಬಂದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು, ನಿಜ. ಆ ಗೌರವ ಅವರ ಕಲೆಗೂ ಛಲಕ್ಕೂ ಸಂದದ್ದು. ಮುತ್ತು ಕಟ್ಟಿದವರ ಲೆಕ್ಕಕ್ಕೆ ಅದನ್ನು ಜಮೆ ಮಾಡಿಕೊಳ್ಳುವುದು ಬೇಡ.

ಎರಡನೆಯದಕ್ಕೆ ಉತ್ತರ ನೇರ. ನಿಮ್ಮ ಊರ ಗುಡಿ ಮುಜರಾಯಿ ಇಲಾಖೆಯ ವ್ಯಾಪ್ತಿಯಲ್ಲಿದ್ದರೆ ಸೇರಬಹುದು ಎನ್ನುವುದಷ್ಟೇ ಅಲ್ಲ, ಸೇರಿಸಿಕೊಳ್ಳಲೇಬೇಕು. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯ 25ನೇ ಪ್ರಕರಣದ ಪ್ರಕಾರ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಒಬ್ಬರಾದರೂ ಇರಬೇಕು. ಈ ಇಬ್ಬರು ಎಷ್ಟೋ ಕಡೆ ಸಹಿಗೆ ಮಾತ್ರ ಇರುತ್ತಾರೆ, ಸಭೆಗೆ ಗಂಡನೋ ಮಗನೋ ಬರುತ್ತಾನೆ. ಹಾಗಾಗಲು ಬಿಡಬೇಡಿ. ಪೂಜೆಯ ವಿಷಯಕ್ಕೆ ಬಂದರೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ಮಾಡಿದರು. ಗಂಡ ಸತ್ತವಳನ್ನು ಮಂಗಳಕಾರ್ಯದಿಂದ ದೂರ ಇಡುವ ನಾಡಿನಲ್ಲಿ ಅವರ ಕೈಯಿಂದಲೇ ಜನ ಪ್ರಸಾದ ತೆಗೆದುಕೊಂಡರು.

ಸಣ್ಣ ಗುಡಿಗಳ ಸಮಿತಿಯನ್ನು ನೇಮಿಸುವುದು ಜಿಲ್ಲಾ ಧಾರ್ಮಿಕ ಪರಿಷತ್ತು, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆ, ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಮುಜರಾಯಿ ಶಾಖೆಯಲ್ಲಿ ವಿಚಾರಿಸಿ. ಒಬ್ಬರೇ ಹೋಗಬೇಡಿ, ನಿಮ್ಮ ಸ್ತ್ರೀಶಕ್ತಿ ಸಂಘದಿಂದ ಐದಾರು ಜನ ಅರ್ಜಿ ಹಾಕಿ. ಆಯ್ಕೆಯಾದವರು ಮೊದಲ ಸಭೆಯಲ್ಲೇ ಹುಂಡಿ ಎಣಿಕೆಯ ದಿನಾಂಕ ಯಾವಾಗ ಎಂದು ಕೇಳಲಿ.