ನೇಪಾಳಕ್ಕೆ ವೀಸಾ ಬೇಡ, ಸರಿ. ಆದರೆ ಯಾವ ಕಾರ್ಡು?

ಪಶುಪತಿನಾಥನ ದರ್ಶನಕ್ಕೆ ಹೊರಟವರ ಪ್ರಶ್ನೆಗಳೇ ಈ ಸಲ ಜಾಸ್ತಿ ಬಂದಿವೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ. ಕೊನೆಯಲ್ಲಿ ಭೂತಾನದ ಒಂದು ಪ್ರಶ್ನೆ.

ಪ್ರಶ್ನೆ: ದೆಹಲಿಯಿಂದ ವಿಮಾನದಲ್ಲಿ ಕಠ್ಮಂಡುವಿಗೆ ಹೊರಟಿದ್ದೇವೆ. ನನಗೆ 48, ಅಮ್ಮನಿಗೆ 72, ಮಗಳಿಗೆ 16. ಯಾರ ಬಳಿಯೂ ಪಾಸ್‌ಪೋರ್ಟ್ ಇಲ್ಲ. ಆಧಾರ್ ಸಾಕು ಅಂತ ಟ್ರಾವೆಲ್ಸ್‌ನವರು ಹೇಳುತ್ತಾರೆ. ಹೌದಾ?
– ಓದುಗರು, ದಾವಣಗೆರೆ

ಅಮ್ಮನಿಗೆ ಸಾಕು, ನಿಮಗೆ ಸಾಲದು. 1950ರ ಒಪ್ಪಂದದ ದೆಸೆಯಿಂದ ನಮಗೆ ಅಲ್ಲಿ ವೀಸಾ ಬೇಡ, ನಿಜ. ಆದರೆ ನಾವು ಭಾರತೀಯರು ಅಂತ ತೋರಿಸುವ ಕಾಗದ ಬೇಕೇ ಬೇಕು, ಆಧಾರ್ ಅದನ್ನು ತೋರಿಸುವುದಿಲ್ಲ. ಇಲ್ಲಿ ವಾಸ ಇರುವ ವಿದೇಶಿಯರಿಗೂ ಆಧಾರ್ ಕೊಡುತ್ತಾರೆ ಅಲ್ವಾ, ಅದಕ್ಕೇ. 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ ಆಧಾರ್, ಪ್ಯಾನ್, ರೇಷನ್ ಕಾರ್ಡು, ಡ್ರೈವಿಂಗ್ ಲೈಸೆನ್ಸ್ ಇಂಥವು ನಡೆಯುತ್ತವೆ. ನಡುವಿನ ವಯಸ್ಸಿನವರು ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ವೋಟರ್ ಐಡಿ ತೋರಿಸಬೇಕು. ಅಸಲಿ ಕಾರ್ಡು. ಮೊಬೈಲಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ.

ಮಗಳದ್ದು ಸ್ವಲ್ಪ ತಾಪತ್ರಯ. 15ರಿಂದ 18ರ ನಡುವಿನ ಮಕ್ಕಳು ಶಾಲೆ ಅಥವಾ ಕಾಲೇಜಿನ ಪ್ರಿನ್ಸಿಪಾಲರಿಂದ, ಇದಕ್ಕೇ ಗೊತ್ತುಮಾಡಿದ ನಮೂನೆಯಲ್ಲಿ, ಗುರುತಿನ ಪ್ರಮಾಣಪತ್ರ ಮಾಡಿಸಿಕೊಂಡರೆ ಆಗುತ್ತದೆ. ಸುಮ್ನೆ ಲೆಟರ್‌ಹೆಡ್ಡಿನಲ್ಲಿ ಬರೆಸಿ ಸೀಲು ಹಾಕಿಸಿದರೆ ಸಾಲದು. ಇಡೀ ಕುಟುಂಬ ಒಟ್ಟಿಗೆ ಹೋಗುವಾಗ ದೊಡ್ಡವರೊಬ್ಬರ ಬಳಿ ಸರಿಯಾದ ದಾಖಲೆ ಇದ್ದರೆ, ಉಳಿದವರು ಫೋಟೊ ಇರುವ ಗುರುತಿನ ಚೀಟಿ, ಸಂಬಂಧ ತೋರಿಸುವ ಕಾಗದ ಇಟ್ಟುಕೊಂಡರೂ ನಡೆಯುತ್ತದೆ ಅಂತ ನಿಯಮವೇನೋ ಇದೆ. ಬೆಳಗಿನ ಜಾವ ಕೌಂಟರಿನಲ್ಲಿ ನಿಂತು ಆ ನಿಯಮ ವಿವರಿಸುವ ತಾಳ್ಮೆ ನಿಮಗಿದ್ದರೆ ಸಂತೋಷ. ನಾನಾದರೆ ಎಲ್ಲರದ್ದೂ ಬೇರೆ ಬೇರೆ ದಾಖಲೆ ಮಾಡಿಸಿಕೊಂಡೇ ಹೊರಡುತ್ತೇನೆ. ಯಾಕೆಂದರೆ ನಮ್ಮ ಚಿಕ್ಕಪ್ಪ 61ನೇ ವಯಸ್ಸಿನಲ್ಲಿ ಬರೀ ಆಧಾರ್ ಹಿಡಿದು ಹೋಗಿ ದೆಹಲಿಯಲ್ಲೇ ಉಳಿದರು. ಜೊತೆಗೆ ಬಂದವರೆಲ್ಲ ಹಾರಿ ಹೋದರು. ವಾಪಸ್ ಬಂದ ಮೇಲೆ ವಾರಗಟ್ಟಲೆ ಅವರು ಚಿಕ್ಕಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇನ್ನೊಂದು ವಿಷಯ. ನಮ್ಮ ಕಡೆಯವರ ಇನಿಷಿಯಲ್ ಗೋಳು ನಿಮಗೆ ಗೊತ್ತೇ ಇದೆ. ಕಾರ್ಡಿನಲ್ಲಿ ಬರೀ ಎರಡಕ್ಷರ, ಟಿಕೆಟ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ. ಟಿಕೆಟ್ ತೆಗೆಯುವಾಗಲೇ ಕಾರ್ಡು ಎದುರಿಗಿಟ್ಟುಕೊಂಡು ಅದರಲ್ಲಿದ್ದಂತೆಯೇ ಹೆಸರು ಹಾಕಿಸಿ.

ಪ್ರಶ್ನೆ: ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗ ರಜೆಗೆ ಬಂದಿದ್ದಾನೆ, 7 ವರ್ಷ. ಅವನನ್ನೂ ಕರೆದುಕೊಂಡು ಹೋಗೋಣ ಅಂತಿದ್ದೇವೆ. ಮಗುವಿಗೆ ವೀಸಾ ಬೇಕಾ?
– ಓದುಗರು, ಮೈಸೂರು

ಬೇಕು. ನೇಪಾಳದವರು ನೋಡುವುದು ಅವನ ಕೈಯಲ್ಲಿರುವ ಪಾಸ್‌ಪೋರ್ಟನ್ನು, ಅಜ್ಜ ಅಜ್ಜಿ ಯಾರು ಅಂತಲ್ಲ. ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೇ ವೀಸಾ ಸಿಗುತ್ತದೆ. 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50. ಹತ್ತು ವರ್ಷದೊಳಗಿನ ವಿದೇಶಿ ಮಕ್ಕಳಿಗೆ ಶುಲ್ಕ ಇಲ್ಲ, ಆದರೆ ಆ ರಿಯಾಯಿತಿಯಿಂದ ಅಮೆರಿಕದ ಮಕ್ಕಳನ್ನು ಹೊರಗಿಟ್ಟಿದ್ದಾರೆ! ಫಾರಂ ಆನ್‌ಲೈನಿನಲ್ಲಿ ಮೊದಲೇ ತುಂಬಿಕೊಂಡರೆ ಅಲ್ಲಿ ಸಾಲು ನಿಲ್ಲುವ ಹೊತ್ತು ಕಮ್ಮಿಯಾಗುತ್ತದೆ.

ನನಗೆ ಚಿಂತೆ ಆಗುವುದು ಹೋಗುವುದರ ಬಗ್ಗೆ ಅಲ್ಲ, ವಾಪಸ್ ಬರುವುದರ ಬಗ್ಗೆ. ಅವನಿಗೆ ಓಸಿಐ ಕಾರ್ಡು (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವುದು) ಇದ್ದರೆ ನಿಶ್ಚಿಂತೆ, ಕಾರ್ಡನ್ನು ಅಮೆರಿಕದ ಮನೆಯಲ್ಲೇ ಬಿಟ್ಟು ಬಂದಿಲ್ಲ ತಾನೇ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಅವನ ಭಾರತದ ವೀಸಾದಲ್ಲಿ ಎಷ್ಟು ಸಲ ಒಳಗೆ ಬರಬಹುದು ಅಂತ ಬರೆದಿದೆ ನೋಡಿ. ಒಂದೇ ಸಲ ಅಂತಿದ್ದರೆ ನೇಪಾಳಕ್ಕೆ ಹೋದ ಕ್ಷಣ ಅದು ಮುಗಿಯಿತು, ಮತ್ತೆ ಬರಲು ಹೊಸ ವೀಸಾ ಬೇಕು. ರಸ್ತೆಯಲ್ಲಿ ಹೋಗುವುದಾದರೂ ಅಷ್ಟೇ, ಗಡಿಯೂರು ಸೊನೌಲಿಯಲ್ಲಿ ಜನ ಸಂತೆಗೆ ಹೋದ ಹಾಗೆ ಆಚೆ ಈಚೆ ನಡೆದಾಡುತ್ತಾರೆ. ಅದನ್ನು ನೋಡಿ ಮಗುವನ್ನೂ ಹಾಗೇ ದಾಟಿಸಬೇಡಿ. ಎರಡೂ ಕಡೆಯ ಇಮಿಗ್ರೇಶನ್ ಕಚೇರಿ ಹುಡುಕಿ ಅವನ ಪಾಸ್‌ಪೋರ್ಟಿಗೆ ಸೀಲು ಹಾಕಿಸಲೇಬೇಕು.

ಪ್ರಶ್ನೆ: ನಮ್ಮದೇ ಕಾರಿನಲ್ಲಿ ಗೋರಖ್‌ಪುರದ ಮೇಲೆ ಮುಕ್ತಿನಾಥಕ್ಕೆ ಹೋಗಬಹುದಾ? ದುಡ್ಡಿಗೆ ಏನು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಧಾರಾಳವಾಗಿ. ಆರ್‌ಸಿ, ಇನ್ಶೂರೆನ್ಸ್, ಲೈಸೆನ್ಸ್ ಇರಲಿ. ಗಡಿ ದಾಟಿದ ತಕ್ಷಣ ನೇಪಾಳದ ಕಸ್ಟಮ್ಸ್‌ನಲ್ಲಿ ‘ಭನ್ಸಾರ್’ ಅಂದರೆ ಗಾಡಿಯ ಸುಂಕ ಕಟ್ಟಿಸಿ, ಅದು ದಿನದ ಲೆಕ್ಕ. ಒಂದೆರಡು ದಿನ ಜಾಸ್ತಿಗೇ ಕಟ್ಟಿ. ಬೆಟ್ಟದ ರಸ್ತೆ, ಮಳೆ ಬಂದು ಮಣ್ಣು ಕುಸಿದರೆ ನೀವು ಅಲ್ಲೇ, ಅವಧಿ ಮೀರಿದರೆ ದಂಡ. ಮುಕ್ತಿನಾಥ ಇರುವುದು ಅನ್ನಪೂರ್ಣ ಸಂರಕ್ಷಣಾ ಪ್ರದೇಶದೊಳಗೆ, ಅದರ ಪರ್ಮಿಟ್ ಬೇರೆ. ನಾವೂ ಸೇರಿದಂತೆ ಸಾರ್ಕ್ (ದಕ್ಷಿಣ ಏಷ್ಯಾದ ಒಕ್ಕೂಟ) ದೇಶದವರಿಗೆ 1000 ನೇಪಾಳಿ ರೂಪಾಯಿ.

ನಮ್ಮ 100 ರೂಪಾಯಿಗೆ ಅವರ 160, 1993ರಿಂದ ಇದೇ ದರ. ‘ಐಸಿಯಾ, ಎನ್‌ಸಿಯಾ’ ಅಂತ ಕೇಳದೆ ಯಾರಿಗೂ ದುಡ್ಡು ಕೊಡಬೇಡಿ. ಐಸಿ ಅಂದರೆ ನಮ್ಮದು, ಎನ್‌ಸಿ ಅವರದು. 2018ರಲ್ಲಿ ನೇಪಾಳ ನಮ್ಮ ದೊಡ್ಡ ನೋಟುಗಳನ್ನು ನಿಷೇಧಿಸಿದ ಮೇಲೆ ಅಲ್ಲಿನ ಅಂಗಡಿಯವರಿಗೆ 500ರ ನೋಟು ಕಂಡರೆ ಅನುಮಾನ. 100ರ ಕಟ್ಟು ಒಯ್ಯಿರಿ. 2024ರಿಂದ ಫೋನ್‌ಪೇ ಕ್ಯೂಆರ್ ಇರುವ ಕಡೆ ನಮ್ಮ ಯುಪಿಐ ನಡೆಯುತ್ತದೆ. ಇದು ನಮ್ಮ ಫೋನ್‌ಪೇ ಅಲ್ಲ, ಅದೇ ಹೆಸರಿನ ನೇಪಾಳದ ಕಂಪನಿ.

ದಾರಿಯಲ್ಲಿ ಪಶುಪತಿನಾಥಕ್ಕೆ ಹೋದರೆ ಅಲ್ಲಿನ ಭಟ್ಟರನ್ನು ಗಮನಿಸಿ, ತಲೆತಲಾಂತರದಿಂದ ನಮ್ಮ ಕರ್ನಾಟಕದ ಕಡೆಯಿಂದ ಹೋದವರೇ ಅಲ್ಲಿ ಪೂಜೆ ಮಾಡುತ್ತಾರೆ.

ಪ್ರಶ್ನೆ: ಭೂತಾನಕ್ಕೂ ಹೀಗೇನಾ?
– ಓದುಗರು, ಮಂಗಳೂರು

ಅಲ್ಲ. ವೀಸಾ ಅಲ್ಲಿಯೂ ಬೇಡ, ಆದರೆ ಪ್ರವೇಶ ಪರ್ಮಿಟ್ ಬೇಕು. ಅದರ ಜೊತೆ ತಲೆಗೆ ಒಂದು ರಾತ್ರಿಗೆ 1200 ರೂಪಾಯಿ ಶುಲ್ಕ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ, ಮಕ್ಕಳದ್ದಾದರೆ ಜನನ ಪ್ರಮಾಣಪತ್ರ. ನಾಲ್ಕು ಜನ ಆರು ರಾತ್ರಿ ಅಂದರೆ ಹೋಟೆಲು, ಊಟ ಬಿಟ್ಟು ಬರೀ ಶುಲ್ಕವೇ 28,800.