ಸಂಶೋಧನಾಲಯದ ಔಟ್‌ರೀಚ್ ಕೆಲಸಕ್ಕೆ ಸೇರಿದರೆ ವಿಜ್ಞಾನ ಬಿಟ್ಟಂತಾಗುತ್ತದೆಯೇ?

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ, ಸಂಶೋಧನಾಲಯವೊಂದರ ಔಟ್‌ರೀಚ್ ವಿಭಾಗದಿಂದ, ಅಂದರೆ ಅಲ್ಲಿನ ವಿಜ್ಞಾನವನ್ನು ಶಾಲೆಗಳಿಗೂ ಜನರಿಗೂ ತಲುಪಿಸುವ ವಿಭಾಗದಿಂದ, ಸಂದರ್ಶನಕ್ಕೆ ಕರೆ ಬಂದಿದೆ, ಹೋದರೆ ವಿಜ್ಞಾನ ಕೈಬಿಟ್ಟು ಹೋಗುತ್ತದೆಯೇ ಎಂಬುದು ನಿಮ್ಮ ಆತಂಕ. ಒಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಸಂಶೋಧನೆ ಕೈಬಿಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ವಿಜ್ಞಾನದ ವಿಷಯಕ್ಕೆ ಬಂದರೆ, ನಾನು ಸೇರಿದ ಹೊಸದರಲ್ಲಿ ನಡೆದದ್ದನ್ನು ಹೇಳುತ್ತೇನೆ.

ಶಾಲೆಯೊಂದರಿಂದ ನಲವತ್ತು ಮಕ್ಕಳು ಬಂದಿದ್ದರು. ಕಣ್ಣಿಗೆ ಕಾಣದ ಕಣಗಳ ಜಾಡನ್ನು ಕಾಣಿಸುವ ಕ್ಲೌಡ್ ಚೇಂಬರ್ ತೋರಿಸುವುದು ನನ್ನ ಪಾಲಿಗೆ ಬಂದಿತ್ತು. ಗಾಜಿನ ಪೆಟ್ಟಿಗೆ, ಅದರ ಮೇಲ್ಭಾಗದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆ, ತಳದಲ್ಲಿ ಕಪ್ಪು ಲೋಹದ ತಟ್ಟೆ, ತಟ್ಟೆಯ ಅಡಿಯಲ್ಲಿ ಮೈನಸ್ 78 ಡಿಗ್ರಿಯ ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಆವಿ ಕೆಳಗಿಳಿದು ತಣ್ಣಗಾಗಿ, ಹನಿಗಟ್ಟಲು ಒಂದು ನೆಪಕ್ಕಾಗಿ ಕಾಯುತ್ತಿರುತ್ತದೆ. ವಿದ್ಯುದಾವೇಶವುಳ್ಳ ಕಣವೊಂದು ಹಾದುಹೋದರೆ ಅದರ ದಾರಿಯುದ್ದಕ್ಕೂ ಹನಿಗಳು ಕಟ್ಟಿ ಬಿಳಿ ಗೆರೆ ಮೂಡುತ್ತದೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲೆ ಮೋಡ ಮತ್ತು ಬೆಳಕಿನ ಆಟಕ್ಕೆ ಮರುಳಾಗಿ, ಅದನ್ನು ಪ್ರಯೋಗಾಲಯದಲ್ಲಿ ಮಾಡಿನೋಡಲು ಹೊರಟ ಸಿ. ಟಿ. ಆರ್. ವಿಲ್ಸನ್ ಈ ಉಪಕರಣದ ಜನಕ. 1927ರಲ್ಲಿ ಅವರಿಗೆ ನೊಬೆಲ್ ಬಂತು. ಅವರದು ಗಾಳಿಯನ್ನು ಹಿಗ್ಗಿಸಿ ತಣಿಸುವ ಯಂತ್ರ. ನಮ್ಮದು ಅದರ ಬಡ ತಮ್ಮ.

ಇಷ್ಟನ್ನೂ ಹೇಳಿ ಮುಗಿಸಿದೆ. ಗೆರೆ ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ನಾನು ಮಾತನಾಡುತ್ತಲೇ ಇದ್ದೆ. ಏನೂ ಕಾಣದಿದ್ದಾಗ ಮಾತು ಹೆಚ್ಚಾಗುವುದು ನಮ್ಮ ವೃತ್ತಿಯ ರೋಗ. ಕೊನೆಗೆ ಹುಡುಗಿಯೊಬ್ಬಳು ಮೇಜಿನ ಅಂಚಿಗೆ ಗಲ್ಲವಿಟ್ಟು ನೋಡಿ, “ಟಾರ್ಚನ್ನು ಇನ್ನೂ ಕೆಳಗಿಳಿಸಿ” ಎಂದಳು. ಸರಿಯೇ. ಗೆರೆಗಳು ಮೂಡುವುದು ತಟ್ಟೆಗೆ ಅಂಟಿದಂತಿರುವ ತೆಳು ಪದರದಲ್ಲಿ, ನಾನೋ ಮೇಲಿನಿಂದ ಬೆಳಕು ಸುರಿಯುತ್ತಿದ್ದೆ. ಇಳಿಸಿದೊಡನೆ ಎಲ್ಲರ ಕಣ್ಣಿಗೂ ಬಿತ್ತು: ಕೂದಲೆಳೆಯಂಥ ಉದ್ದ ಗೆರೆ, ಪಕ್ಕದಲ್ಲೇ ಗಿಡ್ಡನೆಯ ದಪ್ಪ ಗೆರೆ.

“ಇದು ನನ್ನ ಕೈಯೊಳಗೂ ಹಾದುಹೋಗುತ್ತದೆಯೇ?” ಎಂದು ಅವಳೇ ಕೇಳಿದಳು. ಹೋಗುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಯಾನ್ ಎಂಬ ಕಣಗಳು ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ; ಅಂಗೈಯಗಲಕ್ಕೆ ಸೆಕೆಂಡಿಗೆ ಒಂದೆರಡು ಎಂದಿಟ್ಟುಕೊಳ್ಳಿ. ಅವಳು ಅಂಗೈ ಚಾಚಿ ಅದನ್ನೇ ನೋಡುತ್ತ ನಿಂತಳು. ಆಮೇಲೆ, “ಹಾಗಾದರೆ ಏನೂ ಆಗುವುದಿಲ್ಲವೇಕೆ?”

ತೀರಾ ಚಿಕ್ಕ ಕಣ, ಅದಕ್ಕೇ ಏನೂ ಆಗುವುದಿಲ್ಲ ಎಂದುಬಿಟ್ಟೆ. ಅದು ತಪ್ಪು. ಮ್ಯೂಯಾನ್ ದಾರಿಯಲ್ಲಿ ಸಿಕ್ಕ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡೇ ಸಾಗುತ್ತದೆ, ಗೆರೆ ಮೂಡುವುದೇ ಅದರಿಂದ. ಆ ಪೆಟ್ಟಿನ ಪ್ರಮಾಣ ಬಹಳ ಕಡಿಮೆ, ಜೀವಕೋಶಗಳಿಗೆ ದುರಸ್ತಿ ಮಾಡಿಕೊಳ್ಳುವ ಶಕ್ತಿಯೂ ಇದೆ. ಹೆದರಿಸದೆ, ಸುಳ್ಳೂ ಹೇಳದೆ ಇದನ್ನು ಹನ್ನೆರಡು ವರ್ಷದವರಿಗೆ ಎರಡು ವಾಕ್ಯಗಳಲ್ಲಿ ಹೇಳುವುದು ಹೇಗೆ ಎಂದು ಆ ಸಂಜೆ ಹಿರಿಯ ವಿಜ್ಞಾನಿಯೊಬ್ಬರ ಜೊತೆ ಒಂದು ಗಂಟೆ ಜಗ್ಗಾಡಿದೆ. ಅವರು ಪ್ರತಿ ವಾಕ್ಯಕ್ಕೂ ಒಂದು “ಆದರೆ” ಸೇರಿಸುತ್ತಿದ್ದರು, ನಾನು ಕಿತ್ತುಹಾಕುತ್ತಿದ್ದೆ. ಯಾವ “ಆದರೆ”ಯನ್ನು ಬಿಟ್ಟರೆ ಮಾತು ಸರಳವಾಗುತ್ತದೆ, ಯಾವುದನ್ನು ಬಿಟ್ಟರೆ ಸುಳ್ಳಾಗುತ್ತದೆ ಎಂದು ತೂಗಿನೋಡುವುದೇ ನನ್ನ ಕೆಲಸ. ಎಂ.ಎಸ್ಸಿ.ಯಲ್ಲಿ ಪರೀಕ್ಷೆಗೆಂದು ಓದಿದ್ದು ನನಗೆ ಅರ್ಥವಾಗಿದ್ದು ಇಲ್ಲಿಯೇ.

ದೊಡ್ಡವರ ಪ್ರಶ್ನೆಗಳ ಜಾತಿ ಬೇರೆ. ಭೌತವಿಜ್ಞಾನಿಗಳು ದಶಕಗಳಿಂದ ಹುಡುಕುತ್ತಿದ್ದ ಹಿಗ್ಸ್ ಎಂಬ ಮೂಲಕಣ ಸಿಕ್ಕ ಸುದ್ದಿ 2012ರ ಜುಲೈ 4ರಂದು ಹೊರಬಿದ್ದಾಗ ಪತ್ರಿಕೆಗಳೆಲ್ಲ ಅದನ್ನು “ದೇವಕಣ” ಎಂದವಷ್ಟೇ? ಈಗಲೂ ದೇವರು ಸಿಕ್ಕನೇ ಎಂದು ಕೇಳುವವರಿದ್ದಾರೆ. ಮೊದಲು ಸಿಡುಕುತ್ತಿದ್ದೆ. ಈಗ, ನೀವು ಓದಿದ್ದರಲ್ಲಿ ಏನಿತ್ತು ಎಂದು ಕೇಳುತ್ತೇನೆ. ಮಾತು ತಾನಾಗಿ ಸರಿದಾರಿಗೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ.

ಉಳಿದ ದಿನಗಳದ್ದು ಗುಮಾಸ್ತಗಿರಿ. ಶಾಲೆಗಳಿಗೆ ಪತ್ರ, ಬಸ್ಸುಗಳ ವೇಳಾಪಟ್ಟಿ, ಕೈಗವಸುಗಳ ಲೆಕ್ಕ. ಸುರಕ್ಷತೆಯಲ್ಲಿ ಮಾತ್ರ ಉದಾಸೀನ ಸಲ್ಲದು: ಮೈನಸ್ 196 ಡಿಗ್ರಿಯ ದ್ರವ ನೈಟ್ರೊಜನ್ ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ, ಮುಚ್ಚಳ ಬಿಗಿದ ಪಾತ್ರೆ ಸಿಡಿಯುತ್ತದೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಉಸಿರಾಡಲು ಆಮ್ಲಜನಕವೇ ಕಡಿಮೆಯಾಗುತ್ತದೆ. ವರ್ಷದ ಕೊನೆಗೆ ವರದಿ ಬರೆಯಬೇಕು. ಅದರಲ್ಲಿ ಕೇಳುವುದು ಎಷ್ಟು ಜನ ಬಂದರು ಎಂಬುದನ್ನು. ಅಂಗೈ ಚಾಚಿ ನಿಂತ ಹುಡುಗಿ ಅಲ್ಲಿ “ಒಂದು” ಅಷ್ಟೇ.

ಕಹಿಯನ್ನೂ ಹೇಳಿಬಿಡುತ್ತೇನೆ. ಇಂಥ ಹುದ್ದೆಗಳಲ್ಲಿ ಹಲವು ಗುತ್ತಿಗೆಯವು. ಯೋಜನೆಯ ಅನುದಾನ ಮುಗಿದರೆ ಹುದ್ದೆಯೂ ಮುಗಿಯಿತು. ನನ್ನದು ಎರಡು ಬಾರಿ ಕೂದಲೆಳೆಯಲ್ಲಿ ಉಳಿದಿದೆ. ಸಂಶೋಧಕರಲ್ಲಿ ಕೆಲವರು ನಮ್ಮನ್ನು ಬಂದವರಿಗೆ ಕೋಣೆಯ ದಾರಿ ತೋರಿಸುವವರೆಂದಷ್ಟೇ ತಿಳಿಯುತ್ತಾರೆ. ಮೂರ್ನಾಲ್ಕು ವರ್ಷ ಕಳೆದರೆ ಪಿಎಚ್.ಡಿ.ಗೆ ಮರಳುವುದು ಕಷ್ಟ. ಆ ಆಸೆ ಇನ್ನೂ ಬಲವಾಗಿದ್ದರೆ ಈ ಕೆಲಸಕ್ಕೆ ಈಗಲೇ ಬರಬೇಡಿ.

ಸಂದರ್ಶನಕ್ಕೆ ಹೋದರೆ ಹುದ್ದೆಯ ಹಣ ಯಾವ ಬಾಬ್ತಿನಿಂದ ಬರುತ್ತದೆ, ಎಷ್ಟು ವರ್ಷಕ್ಕೆ ಎಂದು ಸಂಕೋಚಪಡದೆ ಕೇಳಿ. ಪ್ರಾತ್ಯಕ್ಷಿಕೆ ಮಾಡಿ ತೋರಿಸಲು ಅವರೂ ಹೇಳಬಹುದು. ಕ್ಲೌಡ್ ಚೇಂಬರನ್ನೇ ಆರಿಸಿಕೊಂಡರೆ, ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲವೆಂದು ಮುಂಚೆಯೇ ಹೇಳಿ, ಕೋಣೆಯ ದೀಪ ಆರಿಸಿ, ಟಾರ್ಚನ್ನು ತಟ್ಟೆಯ ಮಟ್ಟಕ್ಕೆ ಇಡಿ.