ಲಾರ್ಡ್ ಲೂಕನ್: ರಣದ ತಪ್ಪು, ಹೊಲದ ತಪ್ಪು

ಪ್ರಶ್ನೆ: ಬಾಲಕ್ಲಾವಾ ಕಾಳಗದಲ್ಲಿ ಇಂಗ್ಲಿಷ್ ಕುದುರೆ ಪಡೆ ಹಾಳಾದದ್ದು ಲಾರ್ಡ್ ಲೂಕನ್‌ನಿಂದಲೇ ಎಂದು ಓದಿದ್ದೇನೆ. ಆತ ಐರ್ಲೆಂಡಿನಲ್ಲಿ ದೊಡ್ಡ ಜಮೀನ್ದಾರನೂ ಆಗಿದ್ದನಂತೆ. ಲಾವಣಿ (ಗೇಣಿ) ಹೊಲ ಮಾಡಿದ ಮನೆತನದವನಾದ ನನಗೆ ಅದನ್ನೂ ತಿಳಿಯುವ ಆಸೆ.
— ಓದುಗರು, ಗದಗ

ಉತ್ತರ: ಕಾಳಗದ್ದು ಅವನೊಬ್ಬನ ತಪ್ಪಲ್ಲ, ಹೊಲದ್ದು ಮಾತ್ರ ಅವನು ತಿಳಿದೇ ಮಾಡಿದ್ದು ಎಂಬುದು ನನ್ನ ಅಭಿಪ್ರಾಯ.

1854ರ ಅಕ್ಟೋಬರ್ 25ರಂದು ರಷ್ಯದ ವಿರುದ್ಧದ ಕ್ರಿಮಿಯಾ ಯುದ್ಧದಲ್ಲಿ ಗುಡ್ಡದ ಮೇಲಿದ್ದ ಇಂಗ್ಲಿಷ್ ಸೇನಾಪತಿ ರಾಗ್ಲನ್, ರಷ್ಯನ್ನರು ವಶಪಡಿಸಿಕೊಂಡ ತೋಪುಗಳನ್ನು (ಫಿರಂಗಿಗಳನ್ನು) ಎಳೆದೊಯ್ಯದಂತೆ ಕುದುರೆ ಪಡೆ ಬೇಗ ಮುನ್ನಡೆಯಬೇಕೆಂದು ಪೆನ್ಸಿಲಿನಲ್ಲಿ ಬರೆಸಿದ ಚೀಟಿಯೊಂದನ್ನು ಕಳಿಸಿದನು. ಗುಡ್ಡದಿಂದ ಕಾಣುತ್ತಿದ್ದ ಆ ತೋಪುಗಳು ಕಣಿವೆಯಲ್ಲಿದ್ದ, ಕುದುರೆ ಪಡೆಯ ಮುಖ್ಯಸ್ಥ ಲೂಕನ್‌ಗೆ ಕಾಣುತ್ತಿರಲಿಲ್ಲ. ಯಾವ ತೋಪು ಎಂದು ಅವನು ಕೇಳಿದಾಗ ಚೀಟಿ ತಂದ ಕ್ಯಾಪ್ಟನ್ ನೋಲನ್ ಕೈ ಬೀಸಿ ತೋರಿಸಿದನು. ಆ ದಿಕ್ಕಿಗೆ ಕಂಡದ್ದು ಕಣಿವೆಯ ತುದಿಯಲ್ಲಿದ್ದ ರಷ್ಯನ್ ತೋಪಿನ ಸಾಲು. ಲೂಕನ್ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳದೆ, ತನ್ನ ಹೆಂಡತಿಯ ಅಣ್ಣನೂ ತನಗೆ ಆಗದವನೂ ಆದ, ಹಗುರ ಕುದುರೆ ದಳದ ನಾಯಕ ಕಾರ್ಡಿಗನ್‌ಗೆ ಆಜ್ಞೆ ದಾಟಿಸಿದನು. ಆ ತೋಪಿನ ಸಾಲಿನ ಮೇಲೇ ನುಗ್ಗಿದ ಸುಮಾರು 670 ಸವಾರರಲ್ಲಿ 110ರಷ್ಟು ಜನ ಸತ್ತರು. ನೋಲನ್ ಮೊದಲಿಗೇ ಬಿದ್ದದ್ದರಿಂದ ಅವನ ಕೈ ನಿಜಕ್ಕೂ ಯಾವುದನ್ನು ತೋರಿಸಿತ್ತೆಂದು ಹೇಳುವವರೇ ಉಳಿಯಲಿಲ್ಲ.

ಇನ್ನು ಹೊಲದ ಮಾತು. ಐರ್ಲೆಂಡಿನ ಮೇಯೋ ಸೀಮೆಯ ಕ್ಯಾಸಲ್‌ಬಾರ್ ಸುತ್ತ ಅವನಿಗೆ ಸುಮಾರು 60,000 ಎಕರೆ ಜಮೀನಿತ್ತು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಾಗ, ಬಡವರ ಪೋಷಣೆಯ ಕರವನ್ನು 4 ಪೌಂಡ್ ಅಥವಾ ಅದಕ್ಕೂ ಕಡಿಮೆ ಬೆಲೆ ಕಟ್ಟಿದ ಹಿಡುವಳಿಗಳಿಗೆ ಜಮೀನ್ದಾರನೇ ತೆರಬೇಕಿತ್ತು. ಆದ್ದರಿಂದ ಸಣ್ಣ ಒಕ್ಕಲು ಕಡಿಮೆಯಾದಷ್ಟೂ ಒಡೆಯನ ಖರ್ಚು ತಗ್ಗುತ್ತಿತ್ತು. ಲೂಕನ್ ಆ ದಾರಿಯನ್ನೇ ಹಿಡಿದು ಗುಡಿಸಲುಗಳನ್ನು ಕೆಡವಿಸಿ, ತುಂಡು ತುಂಡಾದ ಹೊಲಗಳನ್ನು ಕೂಡಿಸಿ ದೊಡ್ಡ ತೋಟಗಳನ್ನೂ ಹುಲ್ಲುಗಾವಲುಗಳನ್ನೂ ಮಾಡಿದನು. ಬ್ಯಾಲಿನ್‌ರೋಬ್ ಎಂಬ ಒಂದೇ ಚರ್ಚ್ ವ್ಯಾಪ್ತಿಯ ಊರುಗುಂಪಾದ ಪ್ಯಾರಿಷ್‌ನಲ್ಲಿ ಅವನು ಒಕ್ಕಲೆಬ್ಬಿಸಿದವರು ಸುಮಾರು 2,000 ಜನ. ಹಸಿದವರಿಗೆ ಕಡೆಯ ಆಸರೆಯಾಗಿದ್ದ ಕ್ಯಾಸಲ್‌ಬಾರ್‌ನ ಬಡವರ ಆಶ್ರಯವನ್ನೂ ಅವನು ಮುಚ್ಚಿಸಿದ್ದನು. ಒಕ್ಕಲೆಬ್ಬಿಸುವುದೆಂದರೇನೆಂದು ಲಾವಣಿ ಹೊಲ ಮಾಡಿದ ಮನೆತನದ ತಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಚೀಟಿಯ ಗೊಂದಲವಿರಲಿಲ್ಲ, ನಡುವೆ ನೋಲನ್‌ನಂಥ ದೂತನೂ ಇರಲಿಲ್ಲ. ಆಜ್ಞೆ ಬರೆದವನೂ ಅವನೇ, ಅದರ ಲಾಭ ಉಂಡವನೂ ಅವನೇ.

1855ರಲ್ಲಿ ಸರಕಾರ ಅವನನ್ನು ಯುದ್ಧಭೂಮಿಯಿಂದ ಹಿಂದೆ ಕರೆಸಿಕೊಂಡಿತು. ತನ್ನನ್ನು ಸೈನಿಕ ನ್ಯಾಯಾಲಯದಲ್ಲಿ ವಿಚಾರಿಸಿರೆಂದು ಅವನೇ ಬೇಡಿದರೂ ಒಪ್ಪಿಗೆ ಸಿಗಲಿಲ್ಲ. ಆದರೂ ಬಡ್ತಿ ತಪ್ಪಲಿಲ್ಲ: 1887ರಲ್ಲಿ ಸೇನೆಯ ಅತ್ಯುನ್ನತ ಪದವಿಯಾದ ಫೀಲ್ಡ್ ಮಾರ್ಷಲ್ ಆದನು, ಮರುವರ್ಷ ತೀರಿಕೊಂಡನು.